ತಡಮೆ ದಾಟಿದ ತಟ್ಟೆ



ಡಿಸೆಂಬರ್ ಬಂತೆಂದರೆ ಬಿ.ಸಿ. ರೋಡಿನ ಅಂಗಡಿ ಸಾಲಿನಲ್ಲಿ, ಬೆಳ್ತಂಗಡಿ ಪೇಟೆಯಲ್ಲಿ, ಮೂಡುಬಿದಿರೆಯ ಬಸ್‌ ನಿಲ್ದಾಣದ ಸುತ್ತಮುತ್ತ ನಕ್ಷತ್ರಗಳು ತೂಗಾಡತೊಡಗುತ್ತವೆ. ದೊಡ್ಡ ಅಂಗಡಿಗಳ ಗಾಜಿನ ಹಿಂದೆ ಪ್ಲಾಸ್ಟಿಕ್ಕಿನ ಹಸಿರು ಮರ ನಿಂತಿರುತ್ತದೆ. ಅದರ ಕೊಂಬೆಗಳ ಮೇಲೆ ಹತ್ತಿಯ ಹಿಮ, ಬುಡದಲ್ಲಿ ಬಣ್ಣದ ಕಾಗದ ಸುತ್ತಿದ ಉಡುಗೊರೆಗಳು, ಪಕ್ಕದಲ್ಲಿ ಕೆಂಪು ಅಂಗಿಯ ಕ್ರಿಸ್ಮಸ್ ತಾತ. ಹೊರಗೆ ನಿಂತು ನೋಡುವ ಮಕ್ಕಳ ಬೆನ್ನಿಗೆ ನಮ್ಮೂರಿನ ಬಿಸಿಲು. ಆ ಗಾಜಿನ ಆಚೆಗಿನ ಕ್ರಿಸ್ಮಸ್ಸಿಗೂ ನಮ್ಮ ಮನೆಗಳಲ್ಲಿ ನಡೆಯುವ ಕ್ರಿಸ್ಮಸ್ಸಿಗೂ ಇರುವ ದೂರದ ಬಗ್ಗೆ ಇವತ್ತು ನಾಲ್ಕು ಮಾತು ಆಡಬೇಕೆಂದು ಬಂದಿದ್ದೇನೆ.

ನಾನು ಹುಟ್ಟಿದ್ದು ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ. ಮದುವೆಯಾಗಿ ಹೋದದ್ದು ಬೆಳ್ತಂಗಡಿಯ ಕಡೆಗೆ. ಮಕ್ಕಳಿಗೆ ಪಾಠ ಹೇಳಿದ್ದು, ಬಹಳ ಕಾಲ ಬಾಡಿಗೆ ಮನೆಯಲ್ಲಿದ್ದದ್ದು ಮೂಡುಬಿದಿರೆಯಲ್ಲಿ. ಹಾಗಾಗಿ ಈ ಮೂರು ಊರುಗಳ ಹಬ್ಬವೂ ನನ್ನದೇ. ಚಿಕ್ಕಂದಿನಲ್ಲಿ ನಮ್ಮ ಮನೆಯ ಜಗಲಿಯ ಗೋಡೆಯಲ್ಲಿ ಒಂದು ಹಳೆಯ ಕ್ಯಾಲೆಂಡರ್ ಇತ್ತು. ವರ್ಷ ಮುಗಿದರೂ ಅದನ್ನು ಯಾರೂ ತೆಗೆಯುತ್ತಿರಲಿಲ್ಲ, ಏಕೆಂದರೆ ಅದರ ಚಿತ್ರ ಅಷ್ಟು ಚೆಂದ. ಹಿಮ ಬಿದ್ದ ಬೆಟ್ಟ, ಹೊಗೆಗೂಡಿನಿಂದ ಹೊಗೆ ಏಳುವ ಮನೆ, ಕಿಟಕಿಯೊಳಗೆ ಹಳದಿ ಬೆಳಕು, ಉದ್ದದ ಮೇಜು, ಬೆಳ್ಳಿಯ ಮೇಣದಬತ್ತಿ ಕಂಬ, ಇಡಿಯಾಗಿ ಹುರಿದ ಹಕ್ಕಿ. ನಾವು ಅಕ್ಕ ತಂಗಿಯರು ಆ ಮನೆಯ ಕೋಣೆಗಳನ್ನು ನಮ್ಮ ನಮ್ಮೊಳಗೆ ಹಂಚಿಕೊಂಡಿದ್ದೆವು. ಬೆಂಕಿಯ ಪಕ್ಕದ ಕುರ್ಚಿ ನನ್ನದು. ಬೆಂಕಿ ಕಾಯಿಸಿಕೊಳ್ಳುವಷ್ಟು ಚಳಿ ನಮ್ಮಲ್ಲಿ ಎಲ್ಲಿಂದ ಬರಬೇಕು! ಡಿಸೆಂಬರಿನ ರಾತ್ರಿಯಲ್ಲೂ ಬಂಟ್ವಾಳದ ಕಡೆ ಸೆಕೆ ಕಡಿಮೆಯಾಗಿ 20 ಡಿಗ್ರಿಯ ಆಸುಪಾಸಿಗೆ ಇಳಿದರೆ ಅದೇ ದೊಡ್ಡ ಚಳಿ. ಚಾರ್ಮಾಡಿಯ ಬುಡದ ಊರುಗಳಲ್ಲಿ ಬೆಳಗಿನ ಹೊತ್ತು ತುಸು ಮಂಜು, ಅಷ್ಟೇ.

ಆ ಕನಸನ್ನು ನಾನು ಹಳಿಯಲಾರೆ. ಸೆಗಣಿ ಸಾರಿಸಿದ ನೆಲದ ಮೇಲೆ ಕೂತು ಬೆಳ್ಳಿಯ ಕಂಬದ ಕನಸು ಕಾಣುವ ಮಗುವಿಗೆ ಅದರ ಹಕ್ಕಿದೆ. ನನ್ನ ತರಗತಿಯ ಎಷ್ಟೋ ಮಕ್ಕಳು ಚಿತ್ರ ಬಿಡಿಸಲು ಹೇಳಿದಾಗ ತೆಂಗಿನ ಮರದ ಪಕ್ಕದಲ್ಲೇ ಹಿಮದ ಮನುಷ್ಯನನ್ನು ನಿಲ್ಲಿಸುತ್ತಿದ್ದರು. ಅದನ್ನು ಅಳಿಸಿ ಎಂದು ನಾನು ಯಾವತ್ತೂ ಹೇಳಲಿಲ್ಲ.

ಆದರೆ ಆ ಚಿತ್ರ ಎಲ್ಲಿಂದ ಬಂತು ಎಂದು ದೊಡ್ಡವಳಾದ ಮೇಲೆ ಹುಡುಕಿದೆ. ಅದರ ಕಥೆ ನಿಮಗೂ ಹೇಳಬೇಕು. ಚಾರ್ಲ್ಸ್ ಡಿಕನ್ಸ್‌ನ ಪ್ರಸಿದ್ಧ ಕ್ರಿಸ್ಮಸ್ ಕಥೆ ಲಂಡನ್ನಿನಲ್ಲಿ ಅಚ್ಚಾದದ್ದು 1843ರ ಡಿಸೆಂಬರಿನಲ್ಲಿ. ಡಿಕನ್ಸ್ ಹುಟ್ಟಿದ್ದು 1812ರಲ್ಲಿ; ಅವನ ಬಾಲ್ಯದ ಚಳಿಗಾಲಗಳು ಇಂಗ್ಲೆಂಡಿನ ಲೆಕ್ಕಕ್ಕೂ ಬಲು ಕಠಿಣವಾದವು. ಹುಡುಗನಾಗಿದ್ದಾಗ ಕಂಡ ಹಿಮವನ್ನು ಅವನು ಬರೆದ, ಅದನ್ನು ಓದಿದ ಲೋಕ ಕ್ರಿಸ್ಮಸ್ಸೆಂದರೆ ಹಿಮ ಎಂದುಕೊಂಡಿತು. ಅದೇ 1843ರಲ್ಲಿ ಹೆನ್ರಿ ಕೋಲ್ ಎಂಬಾತ ಹಾರ್ಸ್ಲಿ ಎಂಬ ಕಲಾವಿದನಿಂದ ಮೊದಲ ಕ್ರಿಸ್ಮಸ್ ಕಾರ್ಡನ್ನು ಬರೆಯಿಸಿದ. ಅದರ ನಡುವೆ ಒಂದು ತುಂಬು ಕುಟುಂಬ ಮೇಜಿನ ಸುತ್ತ ಕೂತು ಹಬ್ಬ ಮಾಡುತ್ತಿದೆ. ಎಡಬಲದಲ್ಲಿ ಎರಡು ಚಿಕ್ಕ ಚಿತ್ರಗಳು: ಒಂದರಲ್ಲಿ ಹಸಿದವರಿಗೆ ಅನ್ನ ಕೊಡುತ್ತಿದ್ದಾರೆ, ಇನ್ನೊಂದರಲ್ಲಿ ಬಟ್ಟೆಯಿಲ್ಲದವರಿಗೆ ಬಟ್ಟೆ ಹೊದಿಸುತ್ತಿದ್ದಾರೆ.

ಐದು ವರ್ಷ ಕಳೆದು 1848ರಲ್ಲಿ ಲಂಡನ್ನಿನ ಒಂದು ಸಚಿತ್ರ ಪತ್ರಿಕೆ ವಿಂಡ್ಸರ್ ಅರಮನೆಯ ಕ್ರಿಸ್ಮಸ್ ಮರದ ಚಿತ್ರ ಹಾಕಿತು. ರಾಣಿ ವಿಕ್ಟೋರಿಯಾ, ಅವಳ ಗಂಡ ಆಲ್ಬರ್ಟ್, ಮಕ್ಕಳು, ದೀಪ ಹಚ್ಚಿದ ಮರ. ಎಲ್ಲರೂ ಮರದ ಸುತ್ತ. ಅನ್ನದ ಚಿತ್ರ, ಬಟ್ಟೆಯ ಚಿತ್ರ ಇಲ್ಲಿಲ್ಲ. 1850ರಲ್ಲಿ ಅಮೆರಿಕದ ಒಂದು ಮಹಿಳಾ ಪತ್ರಿಕೆ ಅದೇ ಚಿತ್ರವನ್ನು ಮತ್ತೆ ಅಚ್ಚು ಹಾಕುವಾಗ ರಾಣಿಯ ತಲೆಯ ಕಿರೀಟವನ್ನೂ ಆಲ್ಬರ್ಟನ ಮೀಸೆಯನ್ನೂ ಅಳಿಸಿ, ಇದು ಯಾವುದೋ ಅಮೆರಿಕದ ಮನೆ ಎಂಬಂತೆ ತಿದ್ದಿತು. ಅರಮನೆಯ ಹಬ್ಬ ಹೀಗೆ ಮನೆಮನೆಯ ಆಸೆಯಾಯಿತು. ನಮ್ಮ ಜಗಲಿಯ ಕ್ಯಾಲೆಂಡರ್ ಆ ಚಿತ್ರದ ಮರಿಮೊಮ್ಮಗಳು.

ಬಾನುಲಿಯಲ್ಲಿ ಕೂತು ಇನ್ನೊಂದನ್ನು ಹೇಳದಿದ್ದರೆ ಆಗದು. ಬಿಳಿಯ ಕ್ರಿಸ್ಮಸ್ಸಿನ ಕನಸನ್ನು ಲೋಕಕ್ಕೆಲ್ಲ ಹಂಚಿದ ಆ ಇಂಗ್ಲಿಷ್ ಹಾಡು ಮೊದಲು ಕೇಳಿಸಿದ್ದು ರೇಡಿಯೋದಲ್ಲೇ, 1941ರ ಕ್ರಿಸ್ಮಸ್ ದಿನ, ಬಿಂಗ್ ಕ್ರಾಸ್ಬಿಯ ಕಂಠದಲ್ಲಿ. ಬರೆದವನು ಅರ್ವಿಂಗ್ ಬರ್ಲಿನ್. ರಷ್ಯಾದಿಂದ ಅಮೆರಿಕಕ್ಕೆ ವಲಸೆ ಬಂದ ಯಹೂದಿ ಮನೆತನದ ಮಗ. ಈಗ ಹೆಚ್ಚಿನವರು ಬಿಟ್ಟುಬಿಡುವ ಅದರ ಮೊದಲ ಚರಣದಲ್ಲಿ ಹಾಡುವವನು ಕೂತಿರುವುದು ಕ್ಯಾಲಿಫೋರ್ನಿಯದ ಬಿಸಿಲಿನಲ್ಲಿ, ತಾಳೆ ಜಾತಿಯ ಮರಗಳ ನೆರಳಿನಲ್ಲಿ. ಅಂದರೆ ಆತನೂ ನಮ್ಮ ಹಾಗೆಯೇ. ಸೆಕೆಯ ನಾಡಿನಲ್ಲಿ ಕೂತು ದೂರದ ಹಿಮವನ್ನು ನೆನೆಸಿದವನು.

ಇನ್ನು ನಮ್ಮ ಮನೆಗೆ ಬರೋಣ.

ನಮ್ಮಲ್ಲಿ ಕ್ರಿಸ್ಮಸ್ ಮರವೆಂದರೆ ಗಾಳಿಮರದ ಕೊಂಬೆ. ಯಾರದೋ ತೋಟದ ಬದಿಯಿಂದ ಕೇಳಿ ತಂದು, ಮಣ್ಣು ತುಂಬಿದ ಡಬ್ಬಿಯಲ್ಲಿ ನಿಲ್ಲಿಸುತ್ತಿದ್ದೆವು. ಎರಡು ದಿನಕ್ಕೆ ಅದು ಬಾಗುತ್ತಿತ್ತು. ನಕ್ಷತ್ರ ಮಾತ್ರ ಮನೆಯಲ್ಲೇ ಆಗಬೇಕು. ಬಿದಿರನ್ನು ಸೀಳಿ ಒಂದೇ ಅಳತೆಯ 10 ಕಡ್ಡಿ ಮಾಡುವುದು. ಐದೈದನ್ನು ಕಟ್ಟಿದರೆ ಎರಡು ನಕ್ಷತ್ರ. ಎರಡನ್ನೂ ಒಂದರ ಮೇಲೊಂದಿಟ್ಟು ಐದು ತುದಿಗಳಲ್ಲಿ ಬಿಗಿದು, ಒಳಗಿನ ಐದು ಮೂಲೆಗಳಲ್ಲಿ ಗೇಣುದ್ದದ ತುಂಡು ಕಡ್ಡಿಗಳನ್ನು ಆನಿಸಿದರೆ ನಡುಭಾಗ ಉಬ್ಬಿ ನಿಲ್ಲುತ್ತದೆ, ಒಳಗೆ ದೀಪಕ್ಕೆ ಜಾಗವಾಗುತ್ತದೆ. ಮೈದಾ ಕಾಯಿಸಿದ ಅಂಟಿನಲ್ಲಿ ಬಣ್ಣದ ಕಾಗದ ಅಂಟಿಸಬೇಕು. ಕಡ್ಡಿಗಳ ಅಳತೆ ಒಂದು ಬೆರಳು ಹೆಚ್ಚುಕಡಿಮೆಯಾದರೂ ನಕ್ಷತ್ರ ಒಂದು ಕಡೆಗೆ ವಾಲುತ್ತದೆ. ಪಪ್ಪ ಕಟ್ಟಿದ್ದು ಯಾವಾಗಲೂ ತುಸು ವಾಲಿಯೇ ಇರುತ್ತಿತ್ತು. ಕರೆಂಟು ಇಲ್ಲದ ಕಾಲದಲ್ಲಿ ಒಳಗೆ ಚಿಮಿಣಿ ದೀಪ ಇಡುತ್ತಿದ್ದರು. ಗಾಳಿ ಬಂದರೆ ಕಾಗದಕ್ಕೆ ಬೆಂಕಿ ಹಿಡಿಯಬಹುದೆಂದು ಒಬ್ಬರು ಕಾವಲು ಕೂರಬೇಕಿತ್ತು. ಎತ್ತರದ ಹಲಸಿನ ಮರಕ್ಕೆ ಅದನ್ನು ಏರಿಸಿದ ದಿನ ಗುಡ್ಡದ ಆಚೆಯ ಮನೆಯವರು ಮರುದಿನ ಸಿಕ್ಕಿ, "ನಿಮ್ಮ ನಕ್ಷತ್ರ ನಮ್ಮ ಅಂಗಳಕ್ಕೆ ಕಾಣುತ್ತದೆ" ಎಂದರೆ ಪಪ್ಪನ ಮುಖ ನೋಡಬೇಕು!

ಇನ್ನು ಕುಸ್ವಾರ್. ನಮ್ಮ ಮಂಗಳೂರು ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಮಾಡುವ ಬಗೆಬಗೆಯ ತಿಂಡಿಗಳಿಗೆ ಒಟ್ಟಾಗಿ ಹೇಳುವ ಹೆಸರು ಅದು. ಕಾಯಿತುರಿ, ಎಳ್ಳು, ಸಕ್ಕರೆ, ಏಲಕ್ಕಿ, ಒಣದ್ರಾಕ್ಷಿಯ ಹೂರಣ ತುಂಬಿದ ನೆವ್ರಿ. ಹಿಟ್ಟಿನ ಚಿಕ್ಕ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿ, ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿದ ಕಿಡಿಯೊ. ಗುಂಡಗಿನ ಗುಳಿಯೊ, ಚೌಕದ ತುಕ್ಡಿ, ಚಕ್ಕುಲಿ, ಅಕ್ಕಿಯ ಲಡ್ಡು. ಇವುಗಳ ನಡುವೆ ರಾಣಿಯ ಹಾಗೆ ಕೊಕ್ಕಿಸ್. ಹೂವಿನ ಆಕಾರದ ಕಬ್ಬಿಣದ ಅಚ್ಚು, ಅದಕ್ಕೊಂದು ಉದ್ದದ ಹಿಡಿ. ಅಕ್ಕಿ ಹಿಟ್ಟು, ತೆಂಗಿನ ಹಾಲು, ಮೊಟ್ಟೆ, ಸಕ್ಕರೆ ಕಲಸಿದ ಹಿಟ್ಟು. ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾದಿರಬೇಕು. ಕಾಯದಿದ್ದರೆ ಹಿಟ್ಟು ಹಿಡಿಯುವುದಿಲ್ಲ, ಹೆಚ್ಚು ಕಾದರೆ ಅಲ್ಲೇ ಬೆಂದು ಉದುರುತ್ತದೆ. ಹಿಟ್ಟಿನಲ್ಲಿ ಅಚ್ಚನ್ನು ಮುಕ್ಕಾಲು ಪಾಲು ಮಾತ್ರ ಅದ್ದಬೇಕು. ಪೂರ್ತಿ ಮುಳುಗಿಸಿದರೆ ಹೂವು ಅಚ್ಚನ್ನು ಬಿಟ್ಟು ಬರುವುದೇ ಇಲ್ಲ. ಮಾಂಯ್, ಅಂದರೆ ನಮ್ಮ ಅಮ್ಮ, ಮೊದಲ ನಾಲ್ಕೈದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅವು ಒಡೆಯಲೇಬೇಕು, ಒಡೆದದ್ದು ಒಲೆಯ ಸುತ್ತ ಕೂತ ನಮ್ಮ ಪಾಲಿಗೆ.

ಈ ಕೆಲಸಕ್ಕೆ ಒಂದು ಮನೆಯ ಕೈಗಳು ಸಾಲುವುದಿಲ್ಲ. ನೆರೆಯ ಮನೆಗಳ ಹೆಂಗಸರು ಒಂದು ರಾತ್ರಿ ನಮ್ಮಲ್ಲಿ, ಇನ್ನೊಂದು ರಾತ್ರಿ ಅವರಲ್ಲಿ ಎಂದು ಸರದಿ ಹಾಕಿಕೊಳ್ಳುತ್ತಿದ್ದರು. ಬಾಣಲೆಯ ಮುಂದೆ ಮಾಂಯ್, ಲಟ್ಟಣಿಗೆಯ ಮುಂದೆ ದೊಡ್ಡಮ್ಮ, ಕಿಡಿಯೊ ಒತ್ತಲು ಮಕ್ಕಳು. ಮಾತು, ನಗು, ನಡುವೆ ಜಪಸರ. ಅಲ್ಲಿ ಕೂತು ನಾನು ಕಿವಿಗೊಟ್ಟಷ್ಟು ಕಥೆ ಶಾಲೆಯಲ್ಲಿ ಕೇಳಿಲ್ಲ. ಯಾರ ಮದುವೆ ಹೇಗೆ ಕೂಡಿಬಂತು, ಯಾರ ಗದ್ದೆ ಯಾಕೆ ಹೋಯಿತು, ನೇತ್ರಾವತಿಗೆ ನೆರೆ ಬಂದು ಬಂಟ್ವಾಳ ಪೇಟೆ ಮುಳುಗಿದಾಗ ಯಾರು ದೋಣಿಯಲ್ಲಿ ಅಕ್ಕಿ ತಂದರು, ಎಲ್ಲ ಅಲ್ಲೇ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಆ ಹಬ್ಬ ನಿಂತಿದ್ದದ್ದು ಹೆಂಗಸರ ಬೆನ್ನ ಮೇಲೆ. ಡಿಸೆಂಬರಿನಲ್ಲಿ ಅಂಗಳದ ತುಂಬ ಅಡಿಕೆ ಹರಡಿರುತ್ತದೆ, ಸುಗ್ಗಿಯ ಗದ್ದೆಗೆ ನೀರು ಬಿಡಬೇಕು, ಹಟ್ಟಿಯ ಕೆಲಸ ಒಂದು ದಿನವೂ ತಪ್ಪುವುದಿಲ್ಲ. ಅದೆಲ್ಲ ಮುಗಿಸಿ ರಾತ್ರಿ ಒಲೆಯ ಮುಂದೆ ಕೂರುವುದು. ಮಾಂಯ್‌ನ ಮುಂಗೈಯಲ್ಲಿ ಎಣ್ಣೆ ಸಿಡಿದ ಕಲೆಗಳು ಉಳಿದೇ ಹೋಗಿದ್ದವು. ನಡುರಾತ್ರಿಯ ಪೂಜೆಯಲ್ಲಿ ಅವಳು ಕಂಬಕ್ಕೆ ಒರಗಿ ತೂಕಡಿಸುತ್ತಿದ್ದದ್ದನ್ನು ನಾನು ಕಂಡಿದ್ದೇನೆ. ಹಬ್ಬದ ಮಧ್ಯಾಹ್ನ ಸನ್ನ, ಹಂದಿಮಾಂಸದ ಬಫಾತ್, ಕೋಳಿ ಸಾರು ಎಲ್ಲರಿಗೂ ಬಡಿಸಿ ಅವಳು ಊಟಕ್ಕೆ ಕೂರುವಾಗ ಗಂಟೆ ಮೂರಾಗಿರುತ್ತಿತ್ತು. ಮನೆಯ ಕ್ರಿಸ್ಮಸ್ ಎಷ್ಟು ಚೆಂದವಿತ್ತೆಂದು ಗಂಡಸರು ನೆನೆಸಿಕೊಳ್ಳುವಾಗಲೆಲ್ಲ ನನಗೆ ಆ ಮೂರು ಗಂಟೆ ನೆನಪಾಗುತ್ತದೆ. ಇವತ್ತು ನಮ್ಮ ಊರುಗಳಲ್ಲಿ ಮನೆಯಲ್ಲೇ ಕುಸ್ವಾರ್ ಮಾಡಿ ಮಾರುವ ಹೆಂಗಸರಿದ್ದಾರೆ, ಬೇಕರಿಗಳಲ್ಲೂ ಸಿಗುತ್ತದೆ. ಕೆಲಸಕ್ಕೆ ಹೋಗುವ ಹೆಣ್ಣುಮಗಳು ಅದನ್ನು ಕೊಂಡು ತಂದರೆ "ಹಬ್ಬದ ರುಚಿ ಹೋಯಿತು" ಎಂದು ಯಾರಾದರೂ ಹೇಳಿದರೆ ನಾನು ಸುಮ್ಮನಿರುವುದಿಲ್ಲ. ಬಾಣಲೆಯ ಮುಂದೆ ಕೂರಲು ತಾವು ಸಿದ್ಧರಿದ್ದರೆ ಮಾತ್ರ ಆ ಮಾತು ಆಡಬಹುದು.

ಕುಸ್ವಾರ್ ಮನೆಯಲ್ಲಿ ಮಾಡಿದ್ದೋ ಕೊಂಡದ್ದೋ, ಅದು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದು ನನಗೆ ಮುಖ್ಯ. ನಮ್ಮ ಮನೆಯ ಎದುರು ಬಿದಿರಿನ ತಡಮೆ ಇತ್ತು. ಹಬ್ಬದ ಹಿಂದಿನ ದಿನ ಮಾಂಯ್ ತಟ್ಟೆಗಳನ್ನು ಸಾಲಾಗಿ ಇಟ್ಟು, ಎಲ್ಲದರಲ್ಲೂ ಎಲ್ಲ ಬಗೆಯದೂ ಇರುವ ಹಾಗೆ ತುಂಬಿಸಿ, ಮೇಲೆ ಒಗೆದ ಬಿಳಿ ಬಟ್ಟೆ ಮುಚ್ಚಿ ನಮ್ಮ ಕೈಗೆ ಕೊಡುತ್ತಿದ್ದಳು. ತಡಮೆ ದಾಟಿ, ಗದ್ದೆಯ ಬದುವಿನಲ್ಲಿ ನಡೆದು, ಪೂಜಾರಿಯವರ ಮನೆಗೆ, ಬಂಟರ ಮನೆಗೆ, ಭಟ್ಟರ ಮನೆಗೆ, ಬ್ಯಾರಿಗಳ ಮನೆಗೆ. "ಬಾಯಮ್ಮ ಕಳುಹಿಸಿದರಾ?" ಎನ್ನುತ್ತ ಅಲ್ಲಿಯ ಹೆಂಗಸರು ತಟ್ಟೆ ಒಳಗೊಯ್ಯುತ್ತಿದ್ದರು. ತುಳು ಮಾತಾಡುವ ನೆರೆಯವರು ನಮ್ಮ ತಾಯಂದಿರನ್ನು ಕರೆಯುವುದು ಹಾಗೆಯೇ, ಬಾಯಮ್ಮ ಎಂದು. ತಟ್ಟೆ ಬರಿದಾಗಿ ಹಿಂದೆ ಬರುತ್ತಿರಲಿಲ್ಲ. ಬಾಳೆಹಣ್ಣಿನ ಚಿಪ್ಪೋ, ಒಂದು ಹಿಡಿ ಸಕ್ಕರೆಯೋ, ಏನಾದರೊಂದು. ದೀಪಾವಳಿಗೆ, ರಂಜಾನಿಗೆ ಆ ಮನೆಗಳಿಂದ ತಟ್ಟೆ ಇತ್ತ ಬರುತ್ತಿತ್ತು.

ಮೂಡುಬಿದಿರೆಗೆ ಬಂದ ಮೇಲೆ ಈ ತಟ್ಟೆಯ ವಿದ್ಯೆಯಲ್ಲಿ ನಾನು ಹೊಸ ಪಾಠ ಕಲಿತೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಊರು ಅದು. ನಮ್ಮ ಬಾಡಿಗೆ ಮನೆಯ ಪಕ್ಕದವರು ಜೈನರು. ಅವರು ಮೊಟ್ಟೆ ಮುಟ್ಟುವುದಿಲ್ಲ, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಹಾಗಾಗಿ ಹೊಸ ಎಣ್ಣೆ ಇಟ್ಟು, ಮೊದಲು ಮೊಟ್ಟೆ ಹಾಕದ ನೆವ್ರಿ, ಚಕ್ಕುಲಿ ಕರಿದು, ಅವರ ಪಾಲನ್ನು ಬೇರೆ ಡಬ್ಬಿಯಲ್ಲಿ ತೆಗೆದಿಟ್ಟು, ಆಮೇಲೆ ಉಳಿದ ಕೆಲಸ. ಆ ಡಬ್ಬಿ ಹಗಲಲ್ಲೇ ಅವರ ಮನೆ ಸೇರಬೇಕು. ನಾನು ಮೊದಲ ಸಲ ಕೊಂಡುಹೋದಾಗ ಆ ಮನೆಯ ಅಜ್ಜಿ ಹಿಟ್ಟು ಯಾವುದು, ಎಣ್ಣೆ ಯಾವುದು ಎಂದು ಒಂದೊಂದನ್ನೂ ಕೇಳಿದರು. ನಾನು ಹೇಳಿದೆ. ಕೇಳಿ ಮುಗಿಸಿ ನನ್ನೆದುರೇ ಒಂದು ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡರು. ಹಬ್ಬದ ಗೌರವ ಎಂದರೆ ಇದಕ್ಕಿಂತ ಹೆಚ್ಚಿನದು ನನಗೆ ಗೊತ್ತಿಲ್ಲ.

ಬೆಳ್ತಂಗಡಿಯಲ್ಲಿ ಹಬ್ಬಕ್ಕೆ ಇನ್ನೊಂದು ಬಣ್ಣವಿದೆ. ಕಳೆದ ಶತಮಾನದಲ್ಲಿ ಕೇರಳದಿಂದ ಬಂದು ಘಟ್ಟದ ಬುಡದಲ್ಲಿ ನೆಲೆಸಿ ರಬ್ಬರ್ ಬೆಳೆಸಿದ ಸಿರೋ ಮಲಬಾರ್ ಕ್ರೈಸ್ತರು ಅಲ್ಲಿದ್ದಾರೆ. ಅವರಿಗಾಗಿ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯವೇ ಬೇರೆಯಾಯಿತು. ಅವರಲ್ಲಿ ಡಿಸೆಂಬರ್ 1ರಿಂದ ನೋಂಬು ಹಿಡಿಯುವ ಪದ್ಧತಿ. 24 ದಿನ ಮಾಂಸವಿಲ್ಲ. ಹಬ್ಬದ ಬೆಳಿಗ್ಗೆ ಅಪ್ಪ ಮತ್ತು ಸ್ಟ್ಯೂ ಮುಂದೆ ಬಂದಾಗ ಅದಕ್ಕೆ ಯಾವ ಅರಮನೆಯ ಹುರಿದ ಹಕ್ಕಿಯೂ ಸಮನಲ್ಲ. ಕಾದು ಉಂಡವರ ಬಾಯಿಗೇ ಆ ರುಚಿ ಗೊತ್ತು. ನನ್ನ ಗಂಡನ ಮನೆಯ ಆಚೆಯ ಗುಡ್ಡದಲ್ಲಿ ಅಂಥದೊಂದು ಮನೆ. ಅವರ ಅಪ್ಪ ನಮಗೆ, ನಮ್ಮ ಕಿಡಿಯೊ ಅವರಿಗೆ. ಕೊಂಕಣಿ, ಮಲಯಾಳಂ, ತುಳು, ಕನ್ನಡ ಎಲ್ಲ ಬೆರೆಸಿ ಅರ್ಧ ಗಂಟೆ ಮಾತು.

ನೆರೆಯ ಮಾತಿಗೆ ನಮ್ಮ ಚರಿತ್ರೆಯಲ್ಲಿ ಎಂಥ ತೂಕವಿತ್ತೆಂದು ಹೇಳಲು ಒಂದು ನಿಜ ಸಂಗತಿ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಎಷ್ಟು ಜನ ಎಂಬ ಅಂದಾಜುಗಳು 30 ಸಾವಿರದಿಂದ 80 ಸಾವಿರದವರೆಗೆ ಇವೆ. ಬೆಳ್ತಂಗಡಿಯ ಗಡಾಯಿಕಲ್ಲಿನ ಬುಡದ ದಾರಿ ಅವರು ನಡೆದ ದಾರಿ. ಚರ್ಚುಗಳನ್ನು ಕೆಡವಲಾಯಿತು. ಉಳಿದದ್ದು ಮೂಡುಬಿದಿರೆಯ ಹೊಸಬೆಟ್ಟಿನ ಹೋಲಿ ಕ್ರಾಸ್ ಚರ್ಚ್. ಅದನ್ನು ಉಳಿಸಿದ್ದು ಮೂಡುಬಿದಿರೆಯ ಚೌಟ ಅರಸನ ಸ್ನೇಹದ ಮಾತು. ಚೌಟರು ಜೈನ ಅರಸರು. 1799ರಲ್ಲಿ ಸೆರೆ ಬಿಟ್ಟು ಬಂದವರು, 15 ವರ್ಷ ಕಳೆದು ಊರಿನ ಮಣ್ಣು ಮುಟ್ಟಿದವರು, ಪಾಳುಬಿದ್ದ ಮನೆಗಳ ನಡುವೆ ಮತ್ತೆ ಹಬ್ಬ ಕಟ್ಟಿದರು. ಇವತ್ತು ನಾವು ಅಗ್ರಾರಿನಲ್ಲಿ, ಮೊಡಂಕಾಪಿನಲ್ಲಿ, ಮಡಂತ್ಯಾರಿನಲ್ಲಿ, ಅಲಂಗಾರಿನಲ್ಲಿ ನಿಂತು ಹಾಡುವ ಕ್ರಿಸ್ಮಸ್ ಹಾಡಿನ ಹಿಂದೆ ಅವರಿದ್ದಾರೆ. ತಟ್ಟೆಯಲ್ಲಿ ಚಕ್ಕುಲಿ ಇಟ್ಟು ಜೈನರ ಮನೆಯ ಮೆಟ್ಟಿಲೇರುವಾಗ ನನಗೆ ಆ ಅರಸನ ನೆನಪಾಗುತ್ತಿತ್ತು.

ಈಗ ಕನಸಿನ ದಿಕ್ಕು ತಿರುಗಿದೆ. ನಮ್ಮ ಊರಿನ ಎಷ್ಟೋ ಮನೆಗಳ ಮಕ್ಕಳು ದುಬೈಯಲ್ಲಿ, ಕುವೈತಿನಲ್ಲಿ, ಕೆನಡಾದಲ್ಲಿದ್ದಾರೆ. ನನ್ನ ಅಕ್ಕನ ಮಗಳು ಕೆನಡಾದಲ್ಲಿ. ನಾವು ಕ್ಯಾಲೆಂಡರಿನಲ್ಲಿ ಕಂಡದ್ದೆಲ್ಲ ಅವಳ ಮನೆಯಲ್ಲಿ ನಿಜವಾಗಿಯೇ ಇದೆ: ಕಿಟಕಿಯ ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಸೂರು ಮುಟ್ಟುವ ನಿಜವಾದ ಮರ, ಬೆಂಕಿಗೂಡು. ಅವಳು ನವೆಂಬರಿನಲ್ಲೇ ಫೋನು ಮಾಡುತ್ತಾಳೆ, "ಚಿಕ್ಕಮ್ಮಾ, ಕುಸ್ವಾರ್ ಕಳುಹಿಸುತ್ತೀರಲ್ಲ?" ಎಂದು. ಕೊಕ್ಕಿಸ್ ಅಷ್ಟು ದೂರ ಹೋದರೆ ಪುಡಿಯಾಗುತ್ತದೆ. ಕಿಡಿಯೊ, ತುಕ್ಡಿ ಗಟ್ಟಿ, ತಡೆಯುತ್ತವೆ. ಅವುಗಳನ್ನು ಡಬ್ಬಿಯಲ್ಲಿ ಒತ್ತಿ ತುಂಬಿಸಿ ಕಳುಹಿಸುತ್ತೇನೆ. ಕಳೆದ ವರ್ಷ ಅವಳು ಕೇಳಿದ್ದು ತಿಂಡಿಯನ್ನಲ್ಲ. ಪೂಜೆ ಮುಗಿಸಿ ನಡುರಾತ್ರಿ ಚರ್ಚಿನಿಂದ ಮನೆಗೆ ನಡೆದು ಬರುವಾಗ ತೆಂಗಿನ ಗರಿಯ ಸೂಟೆ ಬೀಸುತ್ತ ಮುಂದೆ ನಡೆಯುತ್ತಿದ್ದ ಅಜ್ಜನ ಒಂದು ಪಟ ಮನೆಯಲ್ಲಿದೆಯೇ ಎಂದು ಕೇಳಿದಳು. ಇಲ್ಲ. ಆ ಕಾಲದಲ್ಲಿ ನಡುರಾತ್ರಿ ಗದ್ದೆಯ ಬದುವಿನಲ್ಲಿ ಕ್ಯಾಮೆರಾ ಹಿಡಿದು ನಿಂತವರು ಯಾರು? ಮಗುವಾಗಿದ್ದಾಗ ನಾನು ಹಿಮದ ಮನೆಯಲ್ಲಿ ಕೋಣೆ ಆರಿಸಿಕೊಂಡ ಹಾಗೆ, ಹಿಮದ ಮನೆಯಲ್ಲಿ ಕೂತು ಅವಳು ಸೂಟೆಯ ಬೆಳಕಿನ ದಾರಿಯನ್ನು ಆರಿಸಿಕೊಂಡಿದ್ದಾಳೆ.

ಕನಸು ಬಹುಶಃ ಕೈಗೆ ಸಿಗದ್ದರ ಕಡೆಗೇ ಹೋಗುವುದು. ನನ್ನ ಚಿಂತೆ ಬೇರೆ. ಈಚೆಗೆ ನಮ್ಮ ಹಳ್ಳಿಯ ಮನೆಗಳೂ ಪಟಕ್ಕಾಗಿ ಸಿಂಗಾರವಾಗುತ್ತಿವೆ. ಮೊಬೈಲಿನಲ್ಲಿ ಹಾಕಲೆಂದು ಒಂದು ಮೂಲೆ ಚೆಂದವಾಗುತ್ತದೆ. ಮರ, ಮಿಣುಕು ದೀಪ, ಒಂದೇ ಬಣ್ಣದ ಬಟ್ಟೆ ತೊಟ್ಟ ಕುಟುಂಬ. ಅದು ತಪ್ಪಲ್ಲ, ಚೆಂದವೇ. ಆದರೆ ಆ ಖರ್ಚಿಗೆಂದು ಸಾಲ ಮಾಡಿದವರನ್ನು ನಾನು ಬಲ್ಲೆ. ಮಗಳಿಗೆ ಚಿತ್ರದಂಥ ಹಬ್ಬ ಕೊಡಲಾಗಲಿಲ್ಲ ಎಂದು ಕಣ್ಣೀರು ಹಾಕಿದ ತಾಯಿಯನ್ನು ಬಲ್ಲೆ. ಆ ತಾಯಿ ಈ ಭಾಷಣ ಕೇಳುತ್ತಿದ್ದರೆ ಅವಳಿಗೆ ನಾನು ಹೇಳುವುದು ಇಷ್ಟು: ಮಗಳ ಕೈಗೆ ಒಂದು ತಟ್ಟೆ ಕೊಟ್ಟು ಪಕ್ಕದ ಮನೆಗೆ ಕಳುಹಿಸು. ಅದರಲ್ಲಿ ನಾಲ್ಕು ತುಕ್ಡಿ ಇದ್ದರೂ ಸಾಕು. ನಮ್ಮ ಕೆಲವು ಬಡಾವಣೆಗಳಲ್ಲಿ ಈಗ ತಡಮೆ ಇಲ್ಲ, ಎತ್ತರದ ಗೋಡೆ ಬಂದಿದೆ, ಗೇಟಿಗೆ ನಾಯಿಯ ಎಚ್ಚರಿಕೆಯ ಫಲಕ ಬಂದಿದೆ. ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದವರೂ ಇದ್ದಾರೆ. ವಿಂಡ್ಸರಿನ ಚಿತ್ರದಲ್ಲಿ ಬಾಗಿಲಿನಿಂದ ಒಳಗೆ ಬರುವವರು ಒಬ್ಬರೂ ಇರಲಿಲ್ಲ. ಹಾಗೆ ನಮ್ಮ ಹಬ್ಬವೂ ಆಗಿಬಿಟ್ಟರೆ, ಮರ ಎಷ್ಟು ಎತ್ತರವಿದ್ದರೇನು?

ನಮ್ಮ ಚರ್ಚುಗಳು ಈ ಕೆಲಸವನ್ನು ಬಿಟ್ಟಿಲ್ಲ ಎಂಬುದು ಸಂತೋಷ. ವಾಡೊಗಳ ಗುರ್ಕಾರರು, ಅಂದರೆ ಚರ್ಚಿನ ವಾರ್ಡುಗಳ ಮುಖಂಡರು, ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಈ ವರ್ಷ ಸಾವಾಗಿ ಹಬ್ಬವಿಲ್ಲ ಎಂದು ತಿಳಿದಿರುತ್ತಾರೆ. ಕ್ಯಾರೋಲ್ ತಂಡ ಜೀಪಿನಲ್ಲಿ ಹೊರಟರೆ ಅಂಥ ಮನೆಯ ಅಂಗಳದಲ್ಲಿ ಗಿಟಾರಿನ ಸದ್ದು ತಗ್ಗಿಸಿ, ಒಂದು ಮೆಲ್ಲನೆಯ ಹಾಡು ಹಾಡಿ ಬರುತ್ತದೆ. ಮಗುವಿನಂತೆ ಕುಣಿಯುವ ಕ್ರಿಸ್ಮಸ್ ತಾತನೂ ಅಲ್ಲಿ ಮುಖವಾಡ ತೆಗೆದು ನಿಲ್ಲುವುದನ್ನು ಕಂಡಿದ್ದೇನೆ. ಯಾರೂ ಹೇಳಿಕೊಟ್ಟದ್ದಲ್ಲ ಅದು.

ಕೊನೆಗೆ ಗೋದಲಿಯ, ಅಂದರೆ ಯೇಸು ಹುಟ್ಟಿದ ಹಟ್ಟಿಯ ದೃಶ್ಯ ಜೋಡಿಸುವುದರ ಮಾತು. ಗೋದಲಿ ಸ್ಪರ್ಧೆಗಳಲ್ಲಿ ಈಗ ಮೋಟಾರಿನಲ್ಲಿ ತಿರುಗುವ ಗಿರಣಿ, ಹರಿಯುವ ಜಲಪಾತ, ಹೊಗೆ ಬಿಡುವ ಬೆಟ್ಟ ಎಲ್ಲ ಇರುತ್ತವೆ. ಮಕ್ಕಳ ಕೈಚಳಕ ಕಂಡು ಹೆಮ್ಮೆಯಾಗುತ್ತದೆ. ಆದರೆ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸ್ 1223ರ ಕ್ರಿಸ್ಮಸ್ಸಿಗೆ ಮಾಡಿದ ಗೋದಲಿಯಲ್ಲಿ ಇದ್ದದ್ದು ಒಂದು ಮೇವಿನ ತೊಟ್ಟಿ, ಹುಲ್ಲು, ಜೀವಂತ ಎತ್ತು ಮತ್ತು ಕತ್ತೆ ಮಾತ್ರ. ಹಳ್ಳಿಯವರು ಪಂಜು ಹಿಡಿದು ಗುಡ್ಡ ಹತ್ತಿ ಬಂದರು. ಆ ದೃಶ್ಯ ನೋಡಲು ನಾವು ಇಟಲಿಗೆ ಹೋಗಬೇಕಾಗಿಲ್ಲ. ಬೈಹುಲ್ಲಿನ ವಾಸನೆ, ಕರುವಿನ ಉಸಿರು, ಸೆಗಣಿ, ಚಿಕ್ಕದೊಂದು ಬಲ್ಬು ಉರಿಯುವ ಹಟ್ಟಿ ನಮ್ಮಲ್ಲಿ ಇನ್ನೂ ಇದೆ. ದೇವರ ಮಗು ಹುಟ್ಟಿದ್ದು ಅಂಥಲ್ಲಿ ಎಂದು ನಂಬುವವರು ನಾವು. ಹಾಗಿರುವಾಗ ನಮ್ಮ ಮನೆ ಚಿತ್ರದಂತಿಲ್ಲ ಎಂದು ಮಕ್ಕಳು ನಾಚಿಕೊಳ್ಳುವುದನ್ನು ನಾನು ಸಹಿಸಲಾರೆ.

ಮನೆಯಲ್ಲಿ ಪುಟ್ಟ ಮಕ್ಕಳಿರುವವರಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಒಂದು ಹಿಡಿ ಭತ್ತವನ್ನೋ ರಾಗಿಯನ್ನೋ ಇವತ್ತು ರಾತ್ರಿ ನೆನೆಹಾಕಿ. ನಾಳೆ ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಕಂಡ ಮೇಲೆ ನಾಲ್ಕೈದು ಗೆರಟೆಗಳಲ್ಲಿ ಮಣ್ಣು ತುಂಬಿಸಿ ಒತ್ತಾಗಿ ಬಿತ್ತಿ, ನೆರಳಿನಲ್ಲಿಟ್ಟು ದಿನಕ್ಕೆರಡು ಸಲ ನೀರು ಚಿಮುಕಿಸಿ. ಹೊಯ್ಯಬೇಡಿ, ಬೀಜ ಕೊಳೆಯುತ್ತದೆ. 24ನೇ ತಾರೀಖಿಗೆ ನಾಲ್ಕು ಬೆರಳು ಎತ್ತರದ ಹಸಿರು ಸಿದ್ಧವಾಗಿರುತ್ತದೆ, ಗೋದಲಿಯ ಸುತ್ತ ಜೋಡಿಸಿದರೆ ಅದೇ ಕುರಿಗಳ ಹುಲ್ಲುಗಾವಲು. ಒಂದು ಗೆರಟೆ ಹೆಚ್ಚು ಮಾಡಿ. ಪಕ್ಕದ ಮನೆಯ ಮಗುವೂ ಕೇಳಬಹುದು.